ಯಾರ ರೂಪ? ಯಾರ ಬರಹ?

ಕ್ರಿಸ್ತರಾಜರ ಮಹೋತ್ಸವದ ಪ್ರಬೋಧನೆ
ವಾಚನಗಳು: 2 ಸಮುವೇಲ 5:1-3; ಕೊಲೊಸ್ಸೆಯರಿಗೆ 1:12-20; ಲೂಕ 23:35-43



ಇಂದು ಪೂಜಾವರ್ಷದ ಕಡೆಯ ಭಾನುವಾರ. ಬರುವ ಭಾನುವಾರ ಆಗಮನ ಕಾಲ ಮೊದಲಾಗುತ್ತದೆ. ವರ್ಷದ ಆರಂಭದಲ್ಲಿ ದನದ ಕೊಟ್ಟಿಗೆಯ ಕಂದನನ್ನು ಎತ್ತಿ ಆಡಿಸಿದ ಧರ್ಮಸಭೆ, ವರ್ಷದ ಕೊನೆಯಲ್ಲಿ ಆ ಯೇಸುಸ್ವಾಮಿಯನ್ನೇ ವಿಶ್ವದ ಅರಸರೆಂದು ಕೊಂಡಾಡುತ್ತದೆ. ಈ ಹಬ್ಬವನ್ನು ಸ್ಥಾಪಿಸಿದವರು ಜಗದ್ಗುರು ಹನ್ನೊಂದನೇ ಪಯಸ್. ಸ್ಥಾಪಿಸಿದ್ದು 1925ರ ಡಿಸೆಂಬರ್‌ನಲ್ಲಿ. ಆಗ ಮೊದಲನೇ ಮಹಾಯುದ್ಧ ಮುಗಿದು ಏಳು ವರ್ಷಗಳಾಗಿದ್ದವು. ಯುರೋಪಿನಲ್ಲಿ ಹಳೆಯ ಸಿಂಹಾಸನಗಳು ಉರುಳಿ, ಸರ್ವಾಧಿಕಾರಿಗಳು ತಲೆಯೆತ್ತುತ್ತಿದ್ದರು. ಮನುಷ್ಯರು ಯಾರ ಸೊತ್ತು ಎಂಬ ಪ್ರಶ್ನೆ ಆ ದಿನಗಳಲ್ಲಿ ಎದ್ದು ನಿಂತಿತ್ತು. ಅದಕ್ಕೆ ಧರ್ಮಸಭೆ ಕೊಟ್ಟ ಉತ್ತರವೇ ಈ ಹಬ್ಬ.

ಅರಸ ಎಂದಾಗ ನಮ್ಮ ಕಣ್ಣ ಮುಂದೆ ಏನು ಬರುತ್ತದೆ? ಅಂಬಾರಿ, ಛತ್ರಿ ಚಾಮರ, ಪಟ್ಟದ ಕತ್ತಿ, ದಸರಾ ಮೆರವಣಿಗೆ. 1610ರಲ್ಲಿ ರಾಜ ಒಡೆಯರು ದಸರಾ ಆಚರಣೆಯನ್ನು ಆರಂಭಿಸಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. ಅರಸೊತ್ತಿಗೆಯ ನೆನಪು ನಮ್ಮ ಈ ನಾಲ್ಕು ತಾಲೂಕುಗಳ ಮಣ್ಣಿನಲ್ಲೇ ಬೆರೆತಿದೆ. ಆದರೆ ಇಂದಿನ ಶುಭಸಂದೇಶ ನಮಗೆ ತೋರಿಸುವ ಅರಸರಿಗೆ ಸಿಂಹಾಸನವಿಲ್ಲ, ಶಿಲುಬೆಯಿದೆ. ಪರಿವಾರವಿಲ್ಲ, ಎಡಬಲಕ್ಕೆ ಇಬ್ಬರು ಅಪರಾಧಿಗಳಿದ್ದಾರೆ. ಜಯಘೋಷವಿಲ್ಲ, ಗೇಲಿಯ ಮಾತಿದೆ. ತಲೆಯ ಮೇಲೆ ಒಂದು ಬರಹ ಮಾತ್ರ ಇದೆ.

ಈ ಬರಹದ ಮೇಲೆ ಕೊಂಚ ಗಮನವಿಡೋಣ. ಗ್ರೀಕ್ ಮೂಲದಲ್ಲಿ ಸಂತ ಲೂಕರು ಇದಕ್ಕೆ ಬಳಸುವ ಪದವನ್ನು ಇದಕ್ಕಿಂತ ಮೂರು ಅಧ್ಯಾಯ ಹಿಂದೆಯೂ ಬಳಸಿದ್ದಾರೆ. ಅಲ್ಲಿ ಅದು ಒಂದು ನಾಣ್ಯದ ಮೇಲಿನ ಬರಹ. ಇಂದಿನ ಎರಡನೇ ವಾಚನದಲ್ಲಿ ಸಂತ ಪೌಲರು ಕ್ರಿಸ್ತರನ್ನು ಕಣ್ಣಿಗೆ ಕಾಣದ ದೇವರ ಪ್ರತಿರೂಪ ಎನ್ನುತ್ತಾರಲ್ಲ, ಆ ಪದವೂ ಅದೇ ನಾಣ್ಯದ ಮಾತಿನಲ್ಲಿ ಬಂದಿದೆ. ತೆರಿಗೆ ಕೊಡುವುದು ಸರಿಯೋ ತಪ್ಪೋ ಎಂದು ಯೇಸುಸ್ವಾಮಿಯನ್ನು ಸಿಕ್ಕಿಸಲು ಬಂದವರಿಗೆ ಅವರು ನಾಣ್ಯ ತೋರಿಸಲು ಹೇಳಿ, ಅದರ ಮೇಲಿರುವ ರೂಪ ಯಾರದು, ಬರಹ ಯಾರದು ಎಂದು ಕೇಳಿದರು. ರೂಪ ಮತ್ತು ಬರಹ: ಈ ಎರಡು ಮಾತುಗಳು ಅಂದು ನಾಣ್ಯದ ಮೇಲಿದ್ದವು. ಇಂದಿನ ವಾಚನಗಳಲ್ಲಿ ಅವೇ ಎರಡು ಮಾತುಗಳು ಕ್ರಿಸ್ತರ ಮೇಲಿವೆ. ಆದ್ದರಿಂದ ಈ ಹಬ್ಬವನ್ನು ಅರಿಯಲು ನಾವೂ ಒಂದು ಹಳೆಯ ನಾಣ್ಯವನ್ನು ಅಂಗೈಯಲ್ಲಿಟ್ಟು ನೋಡೋಣ.

ನಮ್ಮ ಮಣ್ಣಿಗೂ ಬಂದ ಚಕ್ರವರ್ತಿ

ರೋಮಿನ ನಾಣ್ಯಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಆ ಪಟ್ಟಣದಲ್ಲಿ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೊಂದು ನಿಧಿ ಸಿಕ್ಕಿತು. ನಮ್ಮ ಕಡೆಯ ಮೆಣಸು, ನವಿರಾದ ಬಟ್ಟೆ, ರತ್ನಗಳಿಗೆ ಬದಲಾಗಿ ಬಂದ ಹಣ ಇದು.

ಅಗಸ್ಟಸ್ ಎಂದರೆ ಯಾರು? ಜನಗಣತಿಯ ಆಜ್ಞೆ ಹೊರಡಿಸಿ, ತುಂಬುಗರ್ಭಿಣಿ ಮಾತೆ ಮರಿಯಳನ್ನು ಬೆತ್ಲೆಹೇಮಿಗೆ ನಡೆಯುವಂತೆ ಮಾಡಿದವನು. ತಿಬೇರಿಯಸ್ ಎಂದರೆ? ಯೇಸುಸ್ವಾಮಿ ಶಿಲುಬೆಗೇರಿದಾಗ ಆಳುತ್ತಿದ್ದವನು. ಕ್ರಿಸ್ತರನ್ನು ಸಿಕ್ಕಿಸಲು ಬಂದವರು ತೋರಿಸಿದ ನಾಣ್ಯ ತಿಬೇರಿಯಸನದೇ ಇರಬೇಕೆಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಅವನ ಪ್ರಸಿದ್ಧ ಬೆಳ್ಳಿ ನಾಣ್ಯದಲ್ಲಿ ಲಾರೆಲ್ ಎಲೆಯ ಹಾರ ತೊಟ್ಟ ಅವನ ತಲೆಯಿದೆ. ಸುತ್ತಲೂ ಅವನು ದೈವತ್ವಕ್ಕೇರಿದ ಅಗಸ್ಟಸನ ಮಗ ಎಂಬ ಬರಹವಿದೆ. ಹಿಂಬದಿಯಲ್ಲಿ ರಾಜದಂಡ ಹಿಡಿದು ಕುಳಿತ ಸ್ತ್ರೀಯ ಸುತ್ತ, ಚಕ್ರವರ್ತಿಯು ಮಹಾಯಾಜಕ ಎಂಬ ಬಿರುದಿದೆ. ದೇವರ ಮಗ, ಮಹಾಯಾಜಕ! ನಾವು ಯೇಸುಸ್ವಾಮಿಗೆ ಮಾತ್ರ ಸಲ್ಲಿಸುವ ಎರಡು ಬಿರುದುಗಳನ್ನು ಒಬ್ಬ ಮನುಷ್ಯ ತನ್ನ ನಾಣ್ಯದ ಎರಡು ಮುಖಗಳ ಮೇಲೆ ಬರೆಸಿಕೊಂಡಿದ್ದ.

ಬೆಳ್ಳಿ ದೊಡ್ಡವರ ಹಣ. ಸಂತೆಯಲ್ಲಿ ಓಡಾಡುತ್ತಿದ್ದದ್ದು ಕಂಚು, ತಾಮ್ರ, ಹಿತ್ತಾಳೆಯ ಕಾಸು. ನಾಲ್ಕು, ಐದನೇ ಶತಮಾನದ ಅಂಥ ಸಣ್ಣ ರೋಮನ್ ಕಾಸುಗಳು ತಮಿಳುನಾಡಿನ ಕರೂರಿನಲ್ಲೂ ಮದುರೆಯಲ್ಲೂ ಹೇರಳವಾಗಿ ಸಿಕ್ಕಿವೆ. ಕರೂರು ಇರುವುದು ನಮ್ಮ ಕಾವೇರಿಯನ್ನು ಸೇರುವ ಅಮರಾವತಿ ನದಿಯ ದಡದಲ್ಲಿ. ಶ್ರೀರಂಗಪಟ್ಟಣವನ್ನು ಬಳಸಿ ಹರಿದ ನೀರು ಮುಂದೆ ರೋಮಿನ ಕಾಸುಗಳು ಸಿಕ್ಕ ಆ ಸೀಮೆಯನ್ನು ಹಾದು ಸಮುದ್ರ ಸೇರುತ್ತದೆ.

ಕಂಚಿನ ಮೇಲೆ ಬರೆದ ಸುಳ್ಳು

ಆಗಿನ ಕಾಲದಲ್ಲಿ ಪತ್ರಿಕೆ ಇಲ್ಲ, ರೇಡಿಯೋ ಇಲ್ಲ, ಗೋಡೆಗೆ ಅಂಟಿಸುವ ಪೋಸ್ಟರ್ ಇಲ್ಲ. ಚಕ್ರವರ್ತಿ ತನ್ನ ಮಾತನ್ನು ಕೋಟಿ ಜನರಿಗೆ ಮುಟ್ಟಿಸುತ್ತಿದ್ದದ್ದು ನಾಣ್ಯದ ಮೂಲಕ. ಕಾಯಿಸಿದ ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ, ಎರಡು ಬದಿಗೂ ಎರಡು ಚಿತ್ರ ಮೂಡುತ್ತಿದ್ದವು. ಹಳೆಯ ಕನ್ನಡದಲ್ಲಿ ಟಂಕಸಾಲೆಗೆ ಕಮ್ಮಟ ಎಂಬ ಚೆಂದದ ಹೆಸರಿದೆ. ರೋಮಿನ ಕಮ್ಮಟದಿಂದ ಹೊರಟ ಕಾಸು ಸೈನಿಕನ ಸೊಂಟದ ಚೀಲಕ್ಕೂ ಬಡವಿಯ ಸೆರಗಿನ ಗಂಟಿಗೂ ಹೋಗುತ್ತಿತ್ತು.

ಅದರ ಮೇಲೆ ಏನಿತ್ತು? ನೀರೋ ಚಕ್ರವರ್ತಿಯ ದೊಡ್ಡ ಕಾಸುಗಳಲ್ಲಿ ಜಾನಸ್ ದೇವತೆಯ ಗುಡಿಯ ಮುಚ್ಚಿದ ಬಾಗಿಲಿದೆ. ಯುದ್ಧವಿಲ್ಲದಾಗ ಮಾತ್ರ ಆ ಬಾಗಿಲನ್ನು ಮುಚ್ಚುವ ರೂಢಿ. ನೆಲದಲ್ಲೂ ಕಡಲಲ್ಲೂ ಶಾಂತಿ ನೆಲೆಸಿದೆ ಎಂದು ಅದರ ಬರಹ ಸಾರುತ್ತದೆ. ಆದರೆ 64ರಲ್ಲಿ ರೋಮ್ ಹೊತ್ತಿ ಉರಿದ ಮೇಲೆ ಕ್ರೈಸ್ತರ ಮೇಲೆ ಗೂಬೆ ಕೂರಿಸಿ, ಅವರನ್ನು ಜೀವಂತ ಸುಟ್ಟವನು ಇದೇ ನೀರೋ. ಸಂತ ಪೇತ್ರ, ಸಂತ ಪೌಲರು ರಕ್ತಸಾಕ್ಷಿಗಳಾದದ್ದು ಅವನ ಆಳ್ವಿಕೆಯಲ್ಲೇ ಎಂಬುದು ಧರ್ಮಸಭೆಯ ಪರಂಪರೆ. ಕಾಸಿನ ಮೇಲೆ ಶಾಂತಿ, ಬೀದಿಯಲ್ಲಿ ಬೆಂಕಿ. ಇನ್ನು ಕೆಲವು ಕಾಸುಗಳಲ್ಲಿ ನೀರೋನ ತಲೆಯ ಮೇಲೆ ಸೂರ್ಯನ ಕಿರಣಗಳಂತೆ ಚಾಚಿದ ಮೊನೆಗಳ ಕಿರೀಟವಿದೆ. ಮೊನೆಗಳಿರುವ ಇನ್ನೊಂದು ಕಿರೀಟ ನಮಗೆ ಗೊತ್ತು. ಅದನ್ನು ಮುಳ್ಳಿನಿಂದ ಹೆಣೆದಿದ್ದರು.

ಮತ್ತೊಂದು ಕಂಚಿನ ನಾಣ್ಯವನ್ನು ನೋಡೋಣ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮನ್ನು ಹಾಳುಗೆಡವಿ ಮಹಾದೇವಾಲಯವನ್ನು ಸುಟ್ಟುಹಾಕಿತು. ಮರುವರ್ಷ ವೆಸ್ಪಾಸಿಯನ್ ಚಕ್ರವರ್ತಿ ಗೆಲುವಿನ ನಾಣ್ಯಗಳನ್ನು ಹೊರಡಿಸಿದ. ಅದರಲ್ಲಿ ಖರ್ಜೂರದ ಮರವಿದೆ. ಮರದ ಕೆಳಗೆ ಒಬ್ಬ ಹೆಂಗಸು ಕುಳಿತು, ತಲೆಗೆ ಕೈಹೊತ್ತು ಅಳುತ್ತಿದ್ದಾಳೆ. ಸೆರೆಸಿಕ್ಕ ಜುದೇಯ ಎಂದು ಬರೆದಿದೆ. ಕೆಲವು ನಾಣ್ಯಗಳಲ್ಲಿ ಅವಳ ಪಕ್ಕದಲ್ಲೇ ಈಟಿ ಹಿಡಿದ ವಿಜಯಿ ನಿಂತಿದ್ದಾನೆ. ಒಬ್ಬ ತಾಯಿಯ ಕಣ್ಣೀರನ್ನು ತನ್ನ ಬಿರುದಾಗಿ ಅಚ್ಚೊತ್ತಿಸಿದ ಅರಸ ಅವನು. ನಮ್ಮ ಅರಸರು ಅದೇ ಜೆರುಸಲೇಮನ್ನು ನೋಡಿ ತಾವೇ ಕಣ್ಣೀರಿಟ್ಟರು. ಶಿಲುಬೆ ಹೊತ್ತು ನಡೆಯುವಾಗಲೂ ಆ ಊರಿನ ಹೆಣ್ಣುಮಕ್ಕಳ ಕಡೆ ತಿರುಗಿ ಮಾತನಾಡಿದರು. ಇದನ್ನೂ ಬರೆದಿಟ್ಟವರು ಸಂತ ಲೂಕರೇ. ಲೋಕದ ಅರಸರು ಅಳುವವರನ್ನು ನಾಣ್ಯ ಮಾಡುತ್ತಾರೆ. ಕ್ರಿಸ್ತರಾಜರು ಅಳುವವರ ಜೊತೆ ಅಳುತ್ತಾರೆ.

ಬಡವರ ಕಾಸು, ದೇವರ ಲೆಕ್ಕ

ಯೇಸುಸ್ವಾಮಿಗೆ ಈ ಸಣ್ಣ ಕಾಸುಗಳ ಪರಿಚಯ ಚೆನ್ನಾಗಿತ್ತು. ಗುಬ್ಬಚ್ಚಿಗಳ ಬೆಲೆ ಅವರಿಗೆ ಗೊತ್ತು: ಒಂದು ಕಾಸಿಗೆ ಎರಡು, ಎರಡು ಕಾಸಿಗೆ ಐದು. ಲೆಕ್ಕ ಗಮನಿಸಿದಿರಾ? ನಾಲ್ಕು ಕೊಂಡರೆ ಐದನೆಯದು ಕೊಸರು. ಸಂತೆಯಲ್ಲಿ ಸೊಪ್ಪು ಕೊಂಡು ಕೊಸರು ಕೇಳುವ ನಮ್ಮ ತಾಯಂದಿರಿಗೆ ಇದು ಅರ್ಥವಾಗುತ್ತದೆ. ಕೊಸರಿಗೆ ಬೆಲೆಯಿಲ್ಲ. ಆದರೆ ಆ ಐದನೇ ಗುಬ್ಬಚ್ಚಿಯನ್ನೂ ದೇವರು ಮರೆಯುವುದಿಲ್ಲ ಎಂದು ಯೇಸುಸ್ವಾಮಿ ಕಲಿಸಿದರು.

ಆ ಕಾಸು, ಅಂದರೆ ಆಸ್ ಎಂಬ ನಾಣ್ಯ, ಒಂದು ಬೆಳ್ಳಿ ದೆನಾರಿಯಸಿನ ಹದಿನಾರನೇ ಒಂದು ಭಾಗ. ದೆನಾರಿಯಸ್ ಎಂದರೆ ಕೂಲಿಯವನ ಒಂದು ದಿನದ ಕೂಲಿ. ಬಡವಿಧವೆ ಕಾಣಿಕೆ ಪೆಟ್ಟಿಗೆಗೆ ಹಾಕಿದ ಎರಡು ಕಾಸುಗಳು ಇದಕ್ಕಿಂತಲೂ ಸಣ್ಣವು. ಎರಡೂ ಸೇರಿದರೆ ಆಸಿನ ಕಾಲು ಭಾಗ. ಅಂದರೆ ದಿನಗೂಲಿಯ 64ನೇ ಒಂದು ಭಾಗ. ಆದರೂ ಅಂದು ಅಲ್ಲಿ ಹಾಕಿದವರೆಲ್ಲರಿಗಿಂತ ಹೆಚ್ಚು ಹಾಕಿದವಳು ಅವಳೇ ಎಂದು ಯೇಸುಸ್ವಾಮಿ ಸಾರಿದರು. ಚಕ್ರವರ್ತಿಯ ಲೆಕ್ಕಕ್ಕೂ ದೇವರ ಲೆಕ್ಕಕ್ಕೂ ಇರುವ ಅಂತರ ಇದು. ಚಕ್ರವರ್ತಿ ಕಾಸನ್ನು ನೋಡಿ ಮನುಷ್ಯನಿಗೆ ಬೆಲೆ ಕಟ್ಟುತ್ತಾನೆ. ದೇವರು ಮನುಷ್ಯರನ್ನು ನೋಡಿ ಕಾಸಿಗೆ ಬೆಲೆ ಕೊಡುತ್ತಾರೆ.

ಕಾಸಿದ್ದರೆ ಕೈಲಾಸ ಎಂದು ಗಾದೆ ಹೇಳುವ ನಮಗೆ ಈ ಪಾಠ ಬೇಕು. 2016ರ ನವೆಂಬರ್ 8ರ ರಾತ್ರಿ ನೆನಪಿದೆಯಲ್ಲವೇ? ಅಕ್ಕಿ ಡಬ್ಬದಲ್ಲಿ, ಸೀರೆಯ ಮಡಿಕೆಯಲ್ಲಿ ಜೋಪಾನ ಮಾಡಿದ್ದ 500, 1000 ರೂಪಾಯಿಯ ನೋಟುಗಳು ಬೆಳಗಾಗುವಷ್ಟರಲ್ಲಿ ಬರಿಯ ಕಾಗದವಾದವು. ಹಣಕ್ಕೆ ಬೆಲೆ ಕೊಟ್ಟವರು ಆ ಬೆಲೆಯನ್ನು ಹಿಂತೆಗೆದುಕೊಳ್ಳಬಲ್ಲರು. ಆದರೆ ದೇವರು ಮನುಷ್ಯರಿಗೆ ಕೊಟ್ಟ ಬೆಲೆಯನ್ನು ರದ್ದು ಮಾಡುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ, ಯಾವ ಮನೆತನಕ್ಕೂ ಇಲ್ಲ.

ಪಿಲಾತನ ಕಾಸು, ಪಿಲಾತನ ಬರಹ

ಇಂದಿನ ಶುಭಸಂದೇಶಕ್ಕೆ ಬರೋಣ. ಯೇಸುಸ್ವಾಮಿಗೆ ಮರಣದಂಡನೆ ವಿಧಿಸಿದ ಪೊಂತಿಯಸ್ ಪಿಲಾತನೂ ನಾಣ್ಯ ಹೊರಡಿಸಿದವನು. 26ರಿಂದ 36ರವರೆಗೆ ಜುದೇಯವನ್ನು ಆಳಿದ ಅವನು 29ರಿಂದ 31ರ ನಡುವೆ ಅಚ್ಚು ಹಾಕಿಸಿದ ಚಿಕ್ಕ ಕಂಚಿನ ಕಾಸುಗಳು ಇಂದಿಗೂ ಉಳಿದಿವೆ. ವಿಗ್ರಹವನ್ನು ಒಪ್ಪದ ಯೆಹೂದ್ಯರ ನಾಡಿನಲ್ಲಿ ಹಿಂದಿನ ಅಧಿಕಾರಿಗಳು ಕಾಸಿನ ಮೇಲೆ ತೆನೆ, ಖರ್ಜೂರದ ಗರಿ ಮುಂತಾದ ಚಿತ್ರಗಳನ್ನಷ್ಟೇ ಹಾಕಿಸುತ್ತಿದ್ದರು. ಪಿಲಾತನಾದರೋ ರೋಮಿನ ಪೂಜಾರಿಗಳು ನೈವೇದ್ಯದ ಮದ್ಯ ಎರೆಯುವ ಸೌಟನ್ನೂ, ಶಕುನ ನೋಡುವವರ ಡೊಂಕು ಕೋಲನ್ನೂ ಹಾಕಿಸಿದ. ಜನರ ನಂಬಿಕೆಯನ್ನು ಕೆಣಕುವ ಆ ಚಿತ್ರಗಳ ಸುತ್ತ ತಿಬೇರಿಯಸನ ಹೆಸರಿತ್ತು.

ಹೀಗೆ ಕಾಸಿನ ಮೇಲೆ ತನ್ನ ಒಡೆಯನ ಹೆಸರು ಬರೆಸುತ್ತಿದ್ದ ಪಿಲಾತ, ಅದೇ ವರ್ಷಗಳ ಆಸುಪಾಸಿನಲ್ಲಿ ಒಂದು ಹಲಗೆಯ ಮೇಲೂ ಹೆಸರು ಬರೆಸಿದ. ಇವರು ಯೆಹೂದ್ಯರ ಅರಸರು ಎಂದು ಸಾರಿದ ಆ ಬರಹ ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರೂ ಭಾಷೆಗಳಲ್ಲಿತ್ತೆಂದು ಸಂತ ಯೊವಾನ್ನರು ತಿಳಿಸುತ್ತಾರೆ. ಪಿಲಾತ ಅದನ್ನು ಅಪರಾಧದ ಪಟ್ಟಿಯಾಗಿ ಬರೆಸಿದ. ಸೈನಿಕರು ಅದನ್ನು ಗೇಲಿ ಎಂದುಕೊಂಡರು. ಆದರೆ ಅಂದು ಅಧಿಕಾರದ ಕೈಯಿಂದ ಹೊರಟ ಬರಹಗಳಲ್ಲಿ ಸತ್ಯವಾಗಿದ್ದದ್ದು ಅದೊಂದೇ. ತಿಬೇರಿಯಸನ ಹೆಸರಿನ ಕಾಸುಗಳು ಸವೆದು ಗಾಜಿನ ಪೆಟ್ಟಿಗೆ ಸೇರಿವೆ. ಶಿಲುಬೆಯ ಮೇಲಿನ ಬರಹವನ್ನು ಇಂದಿಗೂ ಲೋಕ ಓದುತ್ತಿದೆ.

ರೂವಾರಿ ಯಾರು?

ಯೇಸುಸ್ವಾಮಿ ನಾಣ್ಯದ ಪ್ರಶ್ನೆಗೆ ಕೊಟ್ಟ ಉತ್ತರ ನಿಮಗೆಲ್ಲ ಗೊತ್ತು. ಚಕ್ರವರ್ತಿಗೆ ಸೇರಬೇಕಾದದ್ದು ಚಕ್ರವರ್ತಿಗೆ, ದೇವರಿಗೆ ಸೇರಬೇಕಾದದ್ದು ದೇವರಿಗೆ. ಚಕ್ರವರ್ತಿಗೆ ಸೇರಬೇಕಾದದ್ದನ್ನು ಗುರುತಿಸುವುದು ಸುಲಭ. ಅದರ ಮೇಲೆ ಅವನ ಮುಖವಿದೆ. ದೇವರಿಗೆ ಸೇರಬೇಕಾದದ್ದು ಯಾವುದು? ದೇವರ ಮುಖ ಯಾವುದರ ಮೇಲಿದೆ? ಸಂತ ಅಗಸ್ಟೀನರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿ, ಮನುಷ್ಯನೇ ದೇವರ ನಾಣ್ಯ ಎಂದು ಬೋಧಿಸಿದರು. ಬೈಬಲಿನ ಮೊದಲ ಅಧ್ಯಾಯವೇ ಹೇಳುತ್ತದೆ: ದೇವರು ಮನುಷ್ಯರನ್ನು ತಮ್ಮ ರೂಪದಲ್ಲಿ ಸೃಷ್ಟಿಸಿದರು, ಗಂಡಾಗಿಯೂ ಹೆಣ್ಣಾಗಿಯೂ ಸೃಷ್ಟಿಸಿದರು.

ನಮ್ಮ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇಗುಲವಿದೆ. ಬಳಪದ ಕಲ್ಲಿನಲ್ಲಿ ಐದು ಗರ್ಭಗುಡಿಗಳನ್ನು ಸಾಲಾಗಿ ಕಟ್ಟಿದ ಅಪರೂಪದ ಕಟ್ಟಡ ಅದು. ಹದಿಮೂರನೇ ಶತಮಾನದಲ್ಲಿ ಅಲ್ಲಿ ದುಡಿದ ಶಿಲ್ಪಿಗಳಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ನಾಡಿನ ಚರಿತ್ರೆಯಲ್ಲಿ ಉಳಿದಿದೆ. ಹೊಯ್ಸಳರ ಕಾಲದ ಶಿಲ್ಪಿಗಳು ತಾವು ಕಡೆದ ಮೂರ್ತಿಯ ಕೆಳಗೆ ತಮ್ಮ ಹೆಸರನ್ನು ಕೊರೆಯುತ್ತಿದ್ದರು. ಅದರಿಂದಲೇ ನಾವು ಇಂದು ಅವರನ್ನು ಬಲ್ಲೆವು. ರೂವಾರಿ ಎಂಬ ಆ ಬಿರುದು ರೂಪ ಎಂಬ ಮಾತಿನಿಂದಲೇ ಬಂದದ್ದು. ರೂಪ ಕೊಡುವವನೇ ರೂವಾರಿ. ರಸ್ತೆಯಲ್ಲಿ ಬಿದ್ದ ಕಲ್ಲನ್ನು ಒದ್ದು ಹೋಗುವವರೂ ರೂವಾರಿಯ ಉಳಿ ತಾಗಿದ ಕಲ್ಲಿನ ಮುಂದೆ ನಿಂತು ನೋಡುತ್ತಾರೆ. ಹಾಗಾದರೆ ದೇವರೇ ರೂವಾರಿಯಾಗಿ ಕಡೆದ ಮನುಷ್ಯನ ಮುಂದೆ ನಾವು ಎಷ್ಟು ಭಯಭಕ್ತಿಯಿಂದ ನಿಲ್ಲಬೇಕು?

ಕೆರೆದು ತೆಗೆದ ಮುಖ

ಈಗ ಇನ್ನೊಂದೇ ಒಂದು ಕಂಚಿನ ನಾಣ್ಯ. ಸೆಪ್ಟಿಮಿಯಸ್ ಸೆವೆರಸ್ ಎಂಬ ಚಕ್ರವರ್ತಿಗೆ ಕಾರಕಲ್ಲ, ಗೇಟ ಎಂಬ ಇಬ್ಬರು ಗಂಡುಮಕ್ಕಳು. ತಂದೆ 211ರಲ್ಲಿ ತೀರಿಕೊಂಡಾಗ ಇಬ್ಬರೂ ಕೂಡಿ ಆಳಬೇಕೆಂದಾಯಿತು. ವರ್ಷ ಮುಗಿಯುವುದರೊಳಗೆ ಅಣ್ಣ ತಮ್ಮನನ್ನು ಕೊಲ್ಲಿಸಿದ. ತಮ್ಮ ಪ್ರಾಣಬಿಟ್ಟದ್ದು ತಾಯಿಯ ತೋಳಿನಲ್ಲಿ ಎಂದು ಅಂದಿನ ಚರಿತ್ರೆಕಾರರು ಬರೆದಿದ್ದಾರೆ. ಆಮೇಲೆ ಗೇಟನ ಹೆಸರನ್ನೂ ಮುಖವನ್ನೂ ಎಲ್ಲೆಡೆ ಅಳಿಸಬೇಕೆಂಬ ಆಜ್ಞೆ ಹೊರಟಿತು. ಇಂದಿನ ಟರ್ಕಿ ದೇಶದಲ್ಲಿದ್ದ ಸ್ಟ್ರಾಟೊನಿಕೇಯ ಎಂಬ ಪಟ್ಟಣದ ಕಂಚಿನ ನಾಣ್ಯಗಳಲ್ಲಿ ಅಣ್ಣತಮ್ಮಂದಿರ ಮುಖಗಳು ಎದುರುಬದುರಾಗಿದ್ದವು. ಈಗ ಅವುಗಳಲ್ಲಿ ಒಂದು ಮುಖ ಇದೆ. ಇನ್ನೊಂದು ಮುಖ ಇದ್ದಲ್ಲಿ ಕೆರೆದ ಗುರುತು ಮಾತ್ರ ಇದೆ. ಒಂದೇ ಮನೆಯ ಎರಡು ಮಕ್ಕಳು: ಒಬ್ಬರು ಇರಬೇಕು, ಒಬ್ಬರು ಇರಕೂಡದು ಎಂದು ಯಾರೋ ತೀರ್ಮಾನಿಸಿದರು.

ಪ್ರಿಯರೇ, ತಾಯಿಯ ಮಡಿಲಿನಿಂದಲೇ ಮುಖವನ್ನು ಕೆರೆದು ತೆಗೆಯುವ ಕೆಲಸ ನಮ್ಮ ಜಿಲ್ಲೆಯಲ್ಲೂ ನಡೆಯಿತು. 2023ರಲ್ಲಿ ಮಂಡ್ಯದ ಬಳಿ ಒಂದು ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದ ಮಗು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. 2024ರಲ್ಲಿ ಪಾಂಡವಪುರದಲ್ಲೂ ಅಂಥದೇ ಪ್ರಕರಣ ಹೊರಬಂತು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಜಾಗ ಆಲೆಮನೆ. ಮಕ್ಕಳು ಬಿಸಿಬಿಸಿ ಬೆಲ್ಲಕ್ಕೆ ಕೈಚಾಚಿ ನಿಲ್ಲುವ ಜಾಗ. ಅಂಥ ಕಡೆ ಹೆಣ್ಣುಮಕ್ಕಳಿಗೆ ಸಾವಿನ ತೀರ್ಪು ಬರೆಯಲಾಯಿತು. ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲೇ ಬಂದಿದೆ. ಆದರೂ 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಷ್ಟೇ ಇದ್ದರು.

ಇದು ಬೇರೆಯವರ ಮಾತು, ನಮ್ಮದಲ್ಲ ಎಂದು ಕೈತೊಳೆದುಕೊಳ್ಳುವುದು ಬೇಡ. ಕೈತೊಳೆದುಕೊಂಡವನು ಪಿಲಾತ. ಎರಡನೆಯದೂ ಹೆಣ್ಣಾಯಿತೇ ಎಂದು ಬಾಣಂತಿಯ ಮುಂದೆ ಉಸಿರುಗರೆಯುವುದು ನಮ್ಮ ಮನೆಗಳಲ್ಲಿ ಇಲ್ಲವೇ? ಮಗ ಹುಟ್ಟಿದರೆ ಬೀದಿಗೆಲ್ಲ ಲಾಡು, ಮಗಳು ಹುಟ್ಟಿದರೆ ಮನೆಯೊಳಗೆ ಮೌನ. ಮದುವೆಯ ಮಾತುಕತೆಯಲ್ಲಿ ಚಿನ್ನ ಎಷ್ಟು, ಗಾಡಿ ಯಾವುದು ಎಂದು ಕೇಳುವವರು ನಾವೇ ಅಲ್ಲವೇ? ಹಾಗೆ ಕೇಳಿದಾಗಲೆಲ್ಲ ದೇವರ ರೂಪಕ್ಕೆ ಚಕ್ರವರ್ತಿಯ ಕಾಸಿನಿಂದ ಬೆಲೆ ಕಟ್ಟುತ್ತೇವೆ. ಬಹಳ ಸಲ ಆ ತಾಯಿಗೆ ಮಗು ಬೇಕೇ ಇರುತ್ತದೆ; ಅವಳನ್ನು ಕೇಳುವವರು ಇರುವುದಿಲ್ಲ. ಆದ್ದರಿಂದ ಈ ಮಾತನ್ನು ಮೊದಲು ಗಂಡಸರು ಕೇಳಿಸಿಕೊಳ್ಳಬೇಕು, ಮನೆಯ ಹಿರಿಯರು ಕೇಳಿಸಿಕೊಳ್ಳಬೇಕು.

ಇಲ್ಲಿ ಕುಳಿತವರಲ್ಲಿ ಯಾರ ಎದೆಯಲ್ಲಾದರೂ ಇಂಥ ನೋವು ಮುಚ್ಚಿಟ್ಟಿದ್ದರೆ, ಅವರು ಹೆದರಿ ದೂರ ಹೋಗುವುದು ಬೇಡ. ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು 2016ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಎಲ್ಲ ಗುರುಗಳಿಗೂ ಶಾಶ್ವತವಾಗಿ ನೀಡಿದರು. ಪಾಪನಿವೇದನೆಯ ಬಾಗಿಲು ತೆರೆದಿದೆ. ಇಂದು ನಾವು ಕೊಂಡಾಡುವ ಅರಸರು ಶಿಲುಬೆಯ ಮೇಲಿಂದಲೇ ಕ್ಷಮಿಸಿದವರು.

ಅಳಿಯದ ಮುದ್ರೆ

ಮನುಷ್ಯರು ಕೆರೆದರೂ ದೇವರ ಮುದ್ರೆ ಅಳಿಯುವುದಿಲ್ಲ ಎಂಬುದಕ್ಕೆ ನಮ್ಮ ನೆಲವೇ ಸಾಕ್ಷಿ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಟಿಪ್ಪು ಸುಲ್ತಾನರ ಕಾಲದಲ್ಲಿ ಆನೆಯ ಚಿತ್ರದ ತಾಮ್ರದ ಕಾಸುಗಳು ಅಚ್ಚಾಗುತ್ತಿದ್ದವು. ಜನ ಅದನ್ನು ಆನೆಕಾಸು ಎಂದೇ ಕರೆದರು. ಆ ಆನೆಕಾಸು ಓಡಾಡುತ್ತಿದ್ದ ದಿನಗಳಲ್ಲೇ, 1784ರಲ್ಲಿ, ಕರಾವಳಿಯ ಕಥೋಲಿಕ ಕುಟುಂಬಗಳನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಅನೇಕರು ಬಲವಂತಕ್ಕೆ ಸಿಕ್ಕಿ ಹೆಸರು, ವೇಷ, ಆಚಾರ ಎಲ್ಲವನ್ನೂ ಬಿಡಬೇಕಾಯಿತು. ಇದನ್ನು ಯಾರ ಮೇಲೂ ಹಗೆ ಸಾಧಿಸಲು ನಾವು ನೆನೆಯುವುದಿಲ್ಲ. ನಮ್ಮ ಹಿರಿಯರ ವಿಶ್ವಾಸವನ್ನು ಅರಿಯಲು ನೆನೆಯುತ್ತೇವೆ. 1799ರ ನಂತರ ಫಾದರ್ ದುಬ್ವಾ ಅವರು ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿ ಒಗ್ಗೂಡಿಸಿದರು.

ವಿಶ್ವಾಸಕ್ಕೆ ಹಿಂದಿರುಗಿದವರಿಗೆ ಎರಡನೇ ಸಲ ದೀಕ್ಷಾಸ್ನಾನ ಕೊಡುವ ಕ್ರಮ ಧರ್ಮಸಭೆಯಲ್ಲಿ ಇಲ್ಲ. ಏಕೆಂದರೆ ಮೊದಲನೆಯದು ಅಳಿಯುವುದೇ ಇಲ್ಲ. ದೀಕ್ಷಾಸ್ನಾನ, ದೃಢೀಕರಣ, ಗುರುದೀಕ್ಷೆ ಈ ಮೂರೂ ಸಂಸ್ಕಾರಗಳು ಆತ್ಮದ ಮೇಲೆ ಅಳಿಸಲಾಗದ ಮುದ್ರೆಯೊತ್ತುತ್ತವೆ ಎಂಬುದು ಧರ್ಮಸಭೆಯ ಬೋಧನೆ. ಮಣ್ಣಿನಲ್ಲಿ ಹೂತು ಕಿಲುಬು ಹಿಡಿದರೂ ನಾಣ್ಯ ನಾಣ್ಯವೇ. ಅದನ್ನು ಮತ್ತೆ ಅಚ್ಚು ಹಾಕಬೇಕಾಗಿಲ್ಲ, ತಿಕ್ಕಿ ತೊಳೆದರೆ ಸಾಕು. ಪಾಪದಲ್ಲಿ ಬಿದ್ದವರೂ ಹಾಗೆಯೇ. ಕುಡಿತಕ್ಕೆ ದಾಸನಾದ ಮಗ, ಮನೆಬಿಟ್ಟು ಹೋದ ಮಗಳು, ವರ್ಷಗಳಿಂದ ದೇವಾಲಯದ ಮೆಟ್ಟಿಲು ತುಳಿಯದ ನೆರೆಯವರು, ಇವರಲ್ಲಿ ಯಾರೂ ಖೋಟಾ ನಾಣ್ಯವಲ್ಲ. ಮೂಲೆಯ ಮಂಚದಲ್ಲಿ ಮಲಗಿ, ಹೇಳಿದ್ದನ್ನೇ ಹೇಳುವ ಅಜ್ಜಿ ತಾತಂದಿರು ಸವಕಲು ನಾಣ್ಯವಲ್ಲ. ದೂರದ ಊರುಗಳಿಂದ ಬಂದು ನಮ್ಮ ಗದ್ದೆಯಲ್ಲಿ ಕಬ್ಬು ಕಡಿಯುವ ಕೂಲಿಯವರು ಚಿಲ್ಲರೆಯಲ್ಲ. ಅವರ ಮುಖದ ಮೇಲಿರುವುದೂ ನಮ್ಮ ಅರಸರ ರೂಪವೇ.

ಶಿಲುಬೆಯ ಗುರುತು

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ರೋಮಿನ ನಾಣ್ಯಗಳ ಮೇಲೂ ಕಾಲಕ್ರಮದಲ್ಲಿ ಕ್ರಿಸ್ತರ ಗುರುತು ಬಂತು. 327ರ ಸುಮಾರಿಗೆ ಕಾನ್‌ಸ್ಟಂಟೈನ್ ಚಕ್ರವರ್ತಿ ತನ್ನ ಹೊಸ ರಾಜಧಾನಿಯಲ್ಲಿ ಹೊರಡಿಸಿದ ಕಂಚಿನ ನಾಣ್ಯದಲ್ಲಿ ಹಾವನ್ನು ಇರಿಯುವ ಧ್ವಜದಂಡವಿದೆ. ಅದರ ತುದಿಯಲ್ಲಿ ಕ್ರಿಸ್ತರ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರಗಳಿವೆ. ಮುಂದೆ 350ರಲ್ಲಿ ಮ್ಯಾಗ್ನೆಂಟಿಯಸ್ ಎಂಬ ಸೇನಾನಿ ದಂಗೆಯೆದ್ದ. ಅವನ ಕಡೆಯವರು ಆಳುತ್ತಿದ್ದ ಚಕ್ರವರ್ತಿಯನ್ನು ಕೊಂದರು. ಅದೇ ಮ್ಯಾಗ್ನೆಂಟಿಯಸ್ ಆ ಎರಡು ಪವಿತ್ರ ಅಕ್ಷರಗಳನ್ನು ಕಂಚಿನ ನಾಣ್ಯದ ಹಿಂಬದಿಯ ತುಂಬ ದೊಡ್ಡದಾಗಿ ಹಾಕಿಸಿದ. ಕ್ರಿಸ್ತರ ಗುರುತನ್ನು ಲೋಹದ ಮೇಲೆ ಒತ್ತುವುದು ಸುಲಭ; ಬದುಕಿನ ಮೇಲೆ ಒತ್ತಿಸಿಕೊಳ್ಳುವುದು ಕಷ್ಟ. ನಮ್ಮ ಬಾಗಿಲ ಮೇಲೆ ಶಿಲುಬೆಯಿದೆ, ಕೊರಳಲ್ಲಿದೆ, ಬೈಕಿನ ಮೇಲೂ ಇದೆ. ಆ ಬಾಗಿಲೊಳಗೆ ಸೊಸೆ ಕಣ್ಣೀರಿಡುತ್ತಿದ್ದರೆ, ಆ ಶಿಲುಬೆಗೂ ಮ್ಯಾಗ್ನೆಂಟಿಯಸನ ನಾಣ್ಯದ ಗುರುತಿಗೂ ಏನು ವ್ಯತ್ಯಾಸ?

ಶಿಲುಬೆಯ ಪಕ್ಕದಲ್ಲಿದ್ದ ಕಳ್ಳನನ್ನು ನೋಡಿರಿ. ಲೋಕ ಅವನನ್ನು ಚಲಾವಣೆಯಿಂದ ತೆಗೆದುಹಾಕಿತ್ತು. ಕೊಡಲು ಅವನ ಕೈಯಲ್ಲಿ ಒಂದು ಕಾಸೂ ಇರಲಿಲ್ಲ, ಕೈಗಳೇ ಮೊಳೆಯಲ್ಲಿದ್ದವು. ಅಷ್ಟು ಜನ ಗೇಲಿ ಮಾಡುವಾಗ ತಲೆಯ ಮೇಲಿನ ಬರಹವನ್ನು ನಂಬಿದವನು ಅವನೊಬ್ಬ. ತನ್ನನ್ನು ನೆನೆಸಿಕೊಳ್ಳಬೇಕೆಂದು ಬೇಡಿದ. ಅರಸರು ಅವನ ಬೆಲೆಯನ್ನು ಕೇಳಲಿಲ್ಲ. ಅಂದೇ ತಮ್ಮೊಡನೆ ಸ್ವರ್ಗದಲ್ಲಿರುವೆ ಎಂದು ಮಾತುಕೊಟ್ಟರು. ಕ್ರಿಸ್ತರಾಜರ ಸಾಮ್ರಾಜ್ಯಕ್ಕೆ ಅಂದು ಕಾಲಿಟ್ಟ ಪ್ರಜೆ ಅವನು.

ಇನ್ನು ಸ್ವಲ್ಪ ಹೊತ್ತಿನಲ್ಲಿ ಕಾಣಿಕೆಯ ತಟ್ಟೆ ನಮ್ಮ ಮುಂದೆ ಬರುತ್ತದೆ. ಅದರಲ್ಲಿ ಹಾಕುವ ನಾಣ್ಯದ ಮೇಲೆ ನಮ್ಮ ದೇಶದ ಸಿಂಹಮುದ್ರೆಯಿದೆ. ಅದನ್ನು ಹಾಕುವ ಕೈಯ ಮೇಲೆ ದೇವರ ಮುದ್ರೆಯಿದೆ. ತೆರಿಗೆಯನ್ನೂ ಕಾನೂನಿಗೆ ವಿಧೇಯತೆಯನ್ನೂ ದೇಶಕ್ಕೆ ತಪ್ಪದೆ ಸಲ್ಲಿಸೋಣ. ದೇವರಿಗೆ ದೇವರ ರೂಪವನ್ನೇ ಸಲ್ಲಿಸೋಣ. ಈ ವಾರ ಪ್ರತಿ ಮನೆಯಲ್ಲೂ ಒಂದು ಕೆಲಸ ಮಾಡೋಣ. ಊಟಕ್ಕೆ ಕೂರುವ ಮುನ್ನ ಮನೆಯ ಹೆಣ್ಣುಮಗುವಿನ ಹಣೆಯ ಮೇಲೆ, ಹಿರಿಯರ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಇದು ನಮ್ಮ ಅರಸರ ರೂಪ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳೋಣ. ಮನೆಯಲ್ಲಿ ಗರ್ಭಿಣಿಯಿದ್ದರೆ, ಮಗು ಯಾವುದೇ ಇರಲಿ ನಾವು ಕಾಯುತ್ತಿದ್ದೇವೆ ಎಂದು ಬಾಯಿಬಿಟ್ಟು ಅವಳಿಗೆ ಹೇಳೋಣ. ಆ ಮಾತಿಗಾಗಿ ಅವಳು ಎಷ್ಟು ದಿನದಿಂದ ಕಾದಿರುತ್ತಾಳೋ ನಮಗೇನು ಗೊತ್ತು?

ಕ್ರಿಸ್ತರಾಜರೇ, ನಿಮ್ಮ ರೂಪವನ್ನು ನಮ್ಮಲ್ಲಿ ಮತ್ತೆ ಬೆಳಗಿಸಿರಿ. ನಾವು ಕೆರೆದು ತೆಗೆದ ಮುಖಗಳಿಗಾಗಿ ನಮ್ಮನ್ನು ಕ್ಷಮಿಸಿರಿ. ನಿಮ್ಮ ಸಾಮ್ರಾಜ್ಯದಲ್ಲಿ ನಮ್ಮನ್ನೂ ನೆನೆಸಿಕೊಳ್ಳಿರಿ. ಆಮೆನ್.